ಬೈಸಿಕಲ್ಲಿನ ಪ್ರದಕ್ಷಿಣೆ

ಕಳೆದ ನವರಾತ್ರಿಯಲ್ಲಿ ನನ್ನ ಸೋದರಳಿಯನು ಕೊಪ್ಪದ ನಮ್ಮ ಮನೆಗೆ ಬಂದಿದ್ದನು. ವ್ಯಾಸಂಗದ ನಿಮಿತ್ತ ಎರಡು ವರ್ಷ ಇಟಲಿ ದೇಶದಲ್ಲಿದ್ದು ಹಿಂತಿರುಗಿದ ಹುಡುಗ. ಊಟವಾದ ಮೇಲೆ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತಿದ್ದಾಗ ತನ್ನ ಮೊಬೈಲಿನಲ್ಲಿ ಕೆಲವು ಚಿತ್ರಗಳನ್ನು ತೋರಿಸಿದನು. ಅಲೆಯ ಮೇಲೆ ಅಲೆಯಂತೆ ಮಲಗಿದ ಗುಡ್ಡಗಳು. ಒಂದೊಂದು ಗುಡ್ಡದ ನೆತ್ತಿಯಲ್ಲಿಯೂ ಒಂದು ಕಲ್ಲಿನ ಮನೆ. ಇಳಿಜಾರಿನಲ್ಲಿ ಸಾಲು ಹಿಡಿದ ದ್ರಾಕ್ಷಿಯ ತೋಟ. ಇವೆಲ್ಲದರ ನಡುವೆ ಸುಣ್ಣ ಬಳಿದಂತೆ ಬೆಳ್ಳಗಿರುವ ಒಂದು ಮಣ್ಣಿನ ರಸ್ತೆ. ರಸ್ತೆಯ ಮೇಲೆ ಒಂಟಿಯಾಗಿ ನಿಂತ ಒಂದು ಬೈಸಿಕಲ್ಲು.

"ಮಾವ, ಇದು ಟಸ್ಕನಿಯ ಕಿಯಾಂತಿ ಸೀಮೆ. ಇಲ್ಲಿ ಸೈಕಲ್ ತುಳಿಯೋದಕ್ಕೆ ಅಂತಲೇ ಎಲ್ಲೆಲ್ಲಿಂದಲೋ ಜನ ಬರ್ತಾರೆ" ಎಂದನು.

"ತುಳಿದುಕೊಂಡು ಯಾವ ಊರಿಗೆ ಹೋಗುತ್ತಾರೆ?" ಎಂದು ಕೇಳಿದೆನು.

"ಯಾವ ಊರಿಗೂ ಅಲ್ಲ ಮಾವ. ಸುಮ್ಮನೆ ಏರು ಹತ್ತೋದು, ಇಳಿಯೋದು, ನೋಡೋದು."

ಸಂಬಳಕ್ಕಾಗಿ ಮೂವತ್ತೈದು ವರ್ಷ ಏರು ಹತ್ತಿದವನು ನಾನು. ಕೈಯಿಂದ ಹಣ ತೆತ್ತು ಏರು ಹತ್ತುವ ಜನರ ಸುದ್ದಿಯನ್ನು ಕೇಳಿ ನನಗೆ ಮೊದಲು ನಗೆ ಬಂದಿತು. ಆದರೆ ಆತನು ಹೇಳಿದ ಸಂಗತಿಗಳಲ್ಲಿ ಎರಡು ನನ್ನ ಮನಸ್ಸಿನಲ್ಲಿ ನಿಂತುವು.

ಮೊದಲನೆಯದು ಆ ಬಿಳಿಯ ರಸ್ತೆಗಳ ವಿಚಾರ. ಡಾಂಬರು ಹಾಕುತ್ತ ಬಂದಂತೆಲ್ಲ ಅಂಥ ರಸ್ತೆಗಳು ಒಂದೊಂದಾಗಿ ಮರೆಯಾಗತೊಡಗಿದುವಂತೆ. ಅವನ್ನು ಉಳಿಸಿಕೊಳ್ಳಬೇಕೆಂಬ ಉದ್ದೇಶದಿಂದ 1997ರಲ್ಲಿ ಗಯೋಲೆ ಎಂಬ ಸಣ್ಣ ಊರಿನಲ್ಲಿ ಕೆಲವರು ಕೂಡಿ, ಹಳೆಯ ಕಾಲದ ಬೈಸಿಕಲ್ಲುಗಳನ್ನೇರಿ ಹಳೆಯ ಕಾಲದ ಉಣ್ಣೆಯ ಅಂಗಿಗಳನ್ನು ತೊಟ್ಟು ಸಂಚರಿಸುವ ಒಂದು ವಾರ್ಷಿಕ ಯಾತ್ರೆಯನ್ನು ಆರಂಭಿಸಿದರು. ಅದಕ್ಕೆ 'ಲೆರೊಯಿಕಾ', ಎಂದರೆ ವೀರಯಾತ್ರೆ, ಎಂದು ಹೆಸರು. 1987ಕ್ಕೆ ಹಿಂದೆ ತಯಾರಾದ ಬೈಸಿಕಲ್ಲುಗಳಿಗೇ ಅಲ್ಲಿ ಮಾನ್ಯತೆ. ಹತ್ತು ವರ್ಷಗಳ ತರುವಾಯ, 2007ರಲ್ಲಿ, ವೃತ್ತಿಪರರಾದ ಪಂದ್ಯಗಾರರಿಗೂ ಅದೇ ಬಿಳಿಯ ರಸ್ತೆಗಳಲ್ಲಿ ಒಂದು ಪಂದ್ಯವು ಮೊದಲಾಯಿತು. ಹಾಳಾಗಲೆಂದು ಬಿಟ್ಟಿದ್ದ ಹಾದಿಗೆ ಮಾನ ಬಂದಿತು.

ಎರಡನೆಯದು ಜೀನೋ ಬಾರ್ತಾಲಿ ಎಂಬ ಪಂದ್ಯಗಾರನ ಕಥೆ. ಈತನು ಫ್ರಾನ್ಸ್ ದೇಶದ ಮಹಾಪಂದ್ಯವನ್ನು 1938ರಲ್ಲಿ ಒಮ್ಮೆ, ಯುದ್ಧವು ಮುಗಿದ ಮೇಲೆ 1948ರಲ್ಲಿ ಮತ್ತೊಮ್ಮೆ ಗೆದ್ದವನು. ನಡುವೆ, 1943-44ರಲ್ಲಿ, ಜರ್ಮನರ ಸೈನ್ಯವು ಇಟಲಿಯನ್ನು ಹಿಡಿದು ಯೆಹೂದ್ಯರನ್ನು ಹುಡುಕಿ ಹುಡುಕಿ ಸಾಗಿಸುತ್ತಿದ್ದ ಕಾಲದಲ್ಲಿ, ಈತನು ಅಭ್ಯಾಸದ ನೆವದಿಂದ ಫ್ಲಾರೆನ್ಸಿನಿಂದ ಅಸ್ಸಿಸಿಯ ಕಡೆಗೆ ಬೈಸಿಕಲ್ಲನ್ನು ತುಳಿಯುತ್ತಿದ್ದನಂತೆ. ಬೈಸಿಕಲ್ಲಿನ ಕೊಳವೆಗಳೊಳಗೆ ಆ ಜನರ ಪ್ರಾಣವನ್ನು ಉಳಿಸತಕ್ಕ ಗುರುತಿನ ಪತ್ರಗಳು ಸುರುಳಿ ಸುತ್ತಿ ಇರುತ್ತಿದ್ದುವು. ತಾನು ಮಾಡಿದುದನ್ನು ಆತನು ಹೆಚ್ಚಾಗಿ ಯಾರೊಡನೆಯೂ ಹೇಳಿಕೊಳ್ಳಲಿಲ್ಲ. 2000ದಲ್ಲಿ ತೀರಿಕೊಂಡನು, 2013ರಲ್ಲಿ ಜೆರೂಸಲೇಮಿನ ಸ್ಮಾರಕ ಸಂಸ್ಥೆಯು ಆತನನ್ನು ಧರ್ಮಾತ್ಮರ ಸಾಲಿಗೆ ಸೇರಿಸಿ ಗೌರವಿಸಿತು.

ಅಳಿಯನು ಇಷ್ಟನ್ನು ಹೇಳಿ, "ನಿಮ್ಮ ಸೈಕಲ್ ಯಾವ ಇಸವಿಯದು ಮಾವ?" ಎಂದನು.

"1984" ಎಂದೆನು.

"ಹಾಗಾದರೆ ಅದಕ್ಕೂ ವೀರಯಾತ್ರೆಯ ಅರ್ಹತೆ ಇದೆ" ಎಂದು ನಕ್ಕನು. ಅವನು ವಿನೋದಕ್ಕೆ ಹೇಳಿದ ಮಾತು. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ. ನಿದ್ರೆಗೆಡಿಸಿದ್ದು ಬೈಸಿಕಲ್ಲಲ್ಲ, ಬಾರ್ತಾಲಿ. ಕಾರಣವನ್ನು ಮುಂದೆ ಅರಿಕೆ ಮಾಡುತ್ತೇನೆ.

ನಮ್ಮ ಸೀಮೆಗೂ ಬೈಸಿಕಲ್ಲಿಗೂ ಇರುವ ನಂಟು ಸಾಹಿತ್ಯದಲ್ಲಿಯೇ ದಾಖಲಾಗಿದೆ. ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. 1967ರಲ್ಲಿ ಅವರು ಪ್ರಕಟಿಸಿದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಕಾಡಿನ ಜನ ಮೊಟ್ಟಮೊದಲು ಈ ಯಂತ್ರವನ್ನು ಕಂಡು ಅದನ್ನು 'ಬೀಸೆಕಲ್ಲು' ಎಂದು ಕರೆಯುವ ಪ್ರಸಂಗವು ಓದಿದವರಿಗೆಲ್ಲ ನೆನಪಿರಬೇಕು. ಬೀಸುವ ಕಲ್ಲನ್ನು ಮನೆಯಲ್ಲಿ ಕಂಡಿದ್ದ ಕಿವಿಗೆ ಬೈಸಿಕಲ್ಲು ಹಾಗೆ ಕೇಳಿಸಿದ್ದು ಸಹಜ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ ಬಂದ ನಾನು ಅದಕ್ಕೆ 'ದ್ವಿಚಕ್ರಿಕಾ' ಎಂದು ನಾಮಕರಣ ಮಾಡಿಕೊಂಡಿದ್ದೆನಾದರೂ ನಮ್ಮ ಏರುಗಳಲ್ಲಿ ಅದು ನಿಜವಾಗಿ ಬೀಸುವ ಕಲ್ಲೇ ಸರಿ. ಪಂದ್ಯದ ಬೈಸಿಕಲ್ಲುಗಳಿಗೆ ಇರುವಂತೆ ಹಗುರವಾಗಿಯೂ ಭಾರವಾಗಿಯೂ ತಿರುಗಿಸಿಕೊಳ್ಳುವ ಹಲವು ಹಲ್ಲುಚಕ್ರಗಳು ಇದಕ್ಕಿಲ್ಲ. ಹಿಂದೊಂದು, ಮುಂದೊಂದು, ಸಮತಟ್ಟಿಗೂ ಅದೇ, ಘಾಟಿಗೂ ಅದೇ.

ಹೀಗಿದ್ದರೂ ಕಾರ್ತಿಕ ಮಾಸದಲ್ಲಿ, ಮಳೆ ಹಿಂದೆಗೆದು ರಸ್ತೆಯಂಚಿನ ಹುಲ್ಲಿನಲ್ಲಿ ಇಂಬಳಗಳು ಅಡಗಿದ ಮೇಲೆ, ಮೂರು ತಾಲ್ಲೂಕುಗಳನ್ನು ಒಂದು ಸುತ್ತು ಸುತ್ತಿ ಬರುವೆನೆಂದು ನಿಶ್ಚಯಿಸಿದೆನು. ಮನೆಯಾಕೆ, "ಅರವತ್ತಾರನೆಯ ವಯಸ್ಸಿನಲ್ಲಿ ಇದೆಂಥ ಹುಚ್ಚು? ಮಂಡಿಗೆ ಎಣ್ಣೆ ತಿಕ್ಕುವವಳು ನಾನಲ್ಲವೆ?" ಎಂದಳು. ಮಾತಿನಲ್ಲಿ ನ್ಯಾಯವಿತ್ತು. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರಿಗಿಂತ ಹೆಚ್ಚು ಹೋಗುವುದಿಲ್ಲ, ಏರಿನಲ್ಲಿ ಇಳಿದು ತಳ್ಳುತ್ತೇನೆ, ಹೊತ್ತು ಮುಳುಗುವುದರೊಳಗೆ ಒಂದು ಮನೆ ಸೇರುತ್ತೇನೆ ಎಂದು ಮೂರು ವಾಗ್ದಾನಗಳನ್ನು ಕೊಟ್ಟ ಮೇಲೆ ಅವಲಕ್ಕಿಯ ಡಬ್ಬಿ ಚೀಲ ಸೇರಿತು.

ಹಾದಿಯನ್ನು ಗೊತ್ತುಮಾಡುವಾಗ ನನ್ನ ಪಾಠಶಾಲೆಯ ಬುದ್ಧಿ ಅಡ್ಡ ಬಂದಿತು. ಕೊಪ್ಪದಿಂದ ಮೊದಲು ಶೃಂಗೇರಿಗೆ ಹೋಗಿ, ಅಲ್ಲಿಂದ ಜಯಪುರ, ಬಾಳೆಹೊನ್ನೂರು, ನರಸಿಂಹರಾಜಪುರಗಳ ಮೇಲೆ ಹಿಂತಿರುಗುವುದು ಅನೇಕರಿಗೆ ತೋರುವ ಕ್ರಮ. ಆದರೆ ನಕ್ಷೆಯನ್ನು ನೋಡಿದರೆ ಅದು ಎಡಸುತ್ತು. ಬೆಟ್ಟಗಳು ಬಲಗಡೆಗೆ ಬರಬೇಕಾದರೆ ಮೊದಲು ನರಸಿಂಹರಾಜಪುರ, ಬಳಿಕ ಬಾಳೆಹೊನ್ನೂರು, ಜಯಪುರ, ಶೃಂಗೇರಿ, ಕಡೆಗೆ ಹರಿಹರಪುರ. ಒಟ್ಟು ನೂರು ಕಿಲೋಮೀಟರಿಗೆ ಸ್ವಲ್ಪ ಮಿಕ್ಕೀತು. ಇದನ್ನೇ ಪ್ರದಕ್ಷಿಣೆಯೆಂದು ಇಟ್ಟುಕೊಂಡೆನು.

ಮೊದಲ ದಿನ ಬೆಳಕು ಹರಿಯುವಾಗಲೇ ಹೊರಟೆನು. ನಮ್ಮ ಕಡೆಯ ರಸ್ತೆಗಳು ಬಸ್ಸುಗಳೂ ಕಾರುಗಳೂ ಏಳುವುದಕ್ಕೆ ಮುಂಚೆ ಎರಡು ಗಂಟೆಯ ಕಾಲ ಹಕ್ಕಿಗಳ ಸೊತ್ತಾಗಿರುತ್ತವೆ. ಮಂಜು ಗದ್ದೆಯ ಮೇಲೆ ನಿಂತಿತ್ತು. ಯಾವುದೋ ಮನೆಯ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆ ತೋಟದ ನೆತ್ತಿಗೆ ಏರಿ ಅಲ್ಲಿಯೇ ಹರಡಿಕೊಂಡಿತ್ತು. ಬಸ್ಸಿನ ಕಿಟಕಿಯಿಂದ ನೂರಾರು ಸಲ ಕಂಡ ದಾರಿಯೇ ಆದರೂ, ತೊಗರಿನ ವಾಸನೆ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ, ಮೋರಿಯ ಕೆಳಗೆ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಬಸ್ಸು ತಿಳಿಸುವುದಿಲ್ಲ.

ನೀರಿನ ಮಾತನ್ನು ಎತ್ತಿದೆನಷ್ಟೆ. ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲಿ ಒಡಹುಟ್ಟಿದವರು. ಹುಟ್ಟಿದೊಡನೆ ಅಗಲಿ, ಒಬ್ಬಳು ಶೃಂಗೇರಿ ಹರಿಹರಪುರಗಳ ಮೇಲೆ ತೀರ್ಥಹಳ್ಳಿಗೆ ಹೋಗುತ್ತಾಳೆ. ಇನ್ನೊಬ್ಬಳು ಕಳಸ ಬಾಳೆಹೊನ್ನೂರುಗಳನ್ನು ಹಾದು ನರಸಿಂಹರಾಜಪುರದ ಮಗ್ಗುಲಿಗೆ ಬರುತ್ತಾಳೆ. ಶಿವಮೊಗ್ಗದಾಚೆ ಕೂಡಲಿಯಲ್ಲಿ ಇಬ್ಬರೂ ಸೇರುತ್ತಾರೆ. ಈ ಇಬ್ಬರ ನಡುವೆ ಎಲ್ಲಿಯೋ ಒಂದು ಬೆನ್ನು ಇರಬೇಕಷ್ಟೆ. ಆ ಬೆನ್ನಿನ ಈಚೆ ಬಿದ್ದ ಹನಿ ತುಂಗೆಗೆ, ಆಚೆ ಬಿದ್ದ ಹನಿ ಭದ್ರೆಗೆ. ಭೂಗೋಳದ ಪಾಠದಲ್ಲಿ ಜಲವಿಭಾಜಕವೆಂದು ಇದನ್ನು ಎಷ್ಟು ವರ್ಷ ಹೇಳಿಕೊಟ್ಟಿದ್ದೇನೋ! ಅದರ ಅರ್ಥ ಕಾಲಿಗೆ ತಿಳಿಯುವುದು ಬೈಸಿಕಲ್ಲಿನಲ್ಲಿ. ತಳ್ಳಿ ತಳ್ಳಿ ಉಸಿರು ಕಟ್ಟುವ ಹೊತ್ತಿಗೆ ಏರು ಮುಗಿಯುತ್ತದೆ, ಚಕ್ರ ತಾನಾಗಿ ಉರುಳತೊಡಗುತ್ತದೆ: ಆಗ ನೀವು ಒಂದು ನದಿಯ ರಾಜ್ಯವನ್ನು ಬಿಟ್ಟು ಇನ್ನೊಂದನ್ನು ಹೊಕ್ಕಿದ್ದೀರಿ. ನಮ್ಮ ಈ ಸುತ್ತಿನಲ್ಲಿ ಆ ಬೆನ್ನನ್ನು ಎರಡು ಸಲ ದಾಟಬೇಕು. ಹೋಗುವಾಗ ಒಮ್ಮೆ, ಬಾಳೆಹೊನ್ನೂರಿನಿಂದ ಶೃಂಗೇರಿಗೆ ಬರುವಾಗ ಇನ್ನೊಮ್ಮೆ.

ನರಸಿಂಹರಾಜಪುರದ ಮೊದಲಿನ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜರಾದ ಕಂಠೀರವ ನರಸಿಂಹರಾಜ ಒಡೆಯರು 1915ರಲ್ಲಿ ಬಂದುದರ ನೆನಪಿಗಾಗಿ ಈಗಿನ ಹೆಸರು ಬಂದಿತು. ತರೀಕೆರೆಗೂ ಈ ಊರಿಗೂ ನಡುವೆ ಎರಡೇ ಅಡಿ ಅಗಲದ ಹಳಿಯ ಮೇಲೆ ಒಂದು ಪುಟ್ಟ ಟ್ರಾಂ ಗಾಡಿ ಓಡುತ್ತಿದ್ದಿತು. ಅದು ಈಗ ಹಿರಿಯರ ಮಾತಿನಲ್ಲಿ ಮಾತ್ರ ಓಡುತ್ತದೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟೆ ಕಟ್ಟಿದ ಮೇಲೆ ಹಿನ್ನೀರು ಬಂದು ಈ ಕಡೆಯ ಎಷ್ಟೋ ಗದ್ದೆಗಳೂ ದಾರಿಗಳೂ ಮುಳುಗಿದುವು. ಸಂಜೆ ಸಿಂಹನಗದ್ದೆಯ ಬಸ್ತಿಯಲ್ಲಿ ಜ್ವಾಲಾಮಾಲಿನಿಯ ದರ್ಶನ ಮಾಡಿಕೊಂಡು ಹಿನ್ನೀರಿನ ಅಂಚಿನಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದೆನು. ಒಂದು ಹಳೆಯ ದಾರಿ ನೆಲದ ಮೇಲೆ ನೆಟ್ಟಗೆ ಬಂದು, ಯಾವ ಸಂದೇಹವೂ ಇಲ್ಲದೆ ನೀರಿನೊಳಕ್ಕೆ ಇಳಿದುಹೋಗಿತ್ತು. ಇಟಲಿಯವರು ಉಳಿಸಿಕೊಂಡ ರಸ್ತೆಗಳ ನೆನಪಾಯಿತು. ಎಲ್ಲ ದಾರಿಯನ್ನೂ ಉಳಿಸುವುದು ಯಾರಿಂದಲೂ ಆಗದು. ಕಟ್ಟೆಯ ನೀರಿನಿಂದ ಬಯಲುಸೀಮೆಯ ಎಷ್ಟು ಒಲೆಗಳು ಉರಿಯುತ್ತಿವೆಯೋ. ಕಳೆದುಹೋದ ದಾರಿಯ ಲೆಕ್ಕವನ್ನು ಯಾರಾದರೂ ಇಟ್ಟಿರಬೇಕೆಂಬುದಷ್ಟೇ ನನ್ನ ಆಸೆ.

ಎರಡನೆಯ ದಿನ ಬಾಳೆಹೊನ್ನೂರಿನ ಹಾದಿ. ಆನೆ ತಿರುಗುವ ಕಾಡು ಹತ್ತಿರವಾದುದರಿಂದ ಬಿಸಿಲು ಏರಿದ ಮೇಲೆಯೇ ಹೊರಡಬೇಕೆಂದು ಉಳಿದುಕೊಂಡ ಮನೆಯವರು ಹೇಳಿದರು, ಕೇಳಿದೆನು. ಇಕ್ಕೆಲದಲ್ಲಿಯೂ ಕಾಫಿಯ ತೋಟ. ಹಣ್ಣು ಕೆಂಪಾಗತೊಡಗಿದ್ದಿತು. ಎಲೆಯ ರೋಗಗಳನ್ನು ತಡೆಯುವುದು ಹೇಗೆಂದು ಪರೀಕ್ಷಿಸುವುದಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಕೇಂದ್ರವೂ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಸಂಶೋಧನ ಕೇಂದ್ರವೂ ಏರ್ಪಟ್ಟುವು. ಎರಡನೆಯದು ಇಂದಿಗೂ ನಡೆಯುತ್ತಿದೆ. ಊರಿನಲ್ಲಿ ರಂಭಾಪುರಿ ಪೀಠ, ಪಕ್ಕದಲ್ಲಿ ಭದ್ರೆ.

ಅಂದು ಮಧ್ಯಾಹ್ನ ಒಂದು ಅಡಿಕೆಯ ತೋಟದ ಮಗ್ಗುಲಲ್ಲಿ ಬುತ್ತಿ ಬಿಚ್ಚಿದಾಗ, ಮಳೆಗಾಲದಲ್ಲಿ ಸಿಂಪಡಿಸಿದ ಬೋರ್ಡೋ ದ್ರಾವಣದ ನೀಲಿಯ ಕಲೆ ಮರಗಳ ಕಾಂಡದ ಮೇಲೆ ಇನ್ನೂ ಉಳಿದಿದ್ದುದು ಕಣ್ಣಿಗೆ ಬಿದ್ದಿತು. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಈ ಔಷಧ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಪಟ್ಟಣದ ದ್ರಾಕ್ಷಿಯ ತೋಟಗಳಲ್ಲಿ. ಅಲ್ಲಿಂದ ಇಟಲಿಯ ಗುಡ್ಡಗಳಿಗೂ ಹೋಯಿತು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅವರು ಇದೇ ಔಷಧವು ಅಡಿಕೆಯ ಕೊಳೆರೋಗಕ್ಕೂ ಆಗುತ್ತದೆಯೆಂದು 1910ರ ಸುಮಾರಿನಲ್ಲಿ ತೋರಿಸಿಕೊಟ್ಟರು. ಅದಕ್ಕೆ ಮೊದಲು ನಮ್ಮ ಹಿರಿಯರಿಗೆ ಗೊತ್ತಿದ್ದುದು ಒಂದೊಂದು ಮರವನ್ನೂ ಹತ್ತಿ ಗೊನೆಗೆ ಕೊಟ್ಟೆ ಕಟ್ಟುವ ಕೆಲಸ. ದ್ರಾಕ್ಷಿಯ ಆ ರೋಗವೂ ಅಡಿಕೆಯ ಕೊಳೆಯೂ ಒಂದೇ ವರ್ಗದ ಸೋಂಕು. ಅಳಿಯನು ತೋರಿಸಿದ ಆ ಚಿತ್ರದ ತೋಟಕ್ಕೂ ನನ್ನ ತಲೆಯ ಮೇಲಣ ಈ ತೋಟಕ್ಕೂ ಇಂಥದೊಂದು ನಂಟಿದೆಯೆಂದು ತಿಳಿದಾಗ, ಇಟಲಿಯು ಅಷ್ಟೇನೂ ದೂರವೆಂದು ತೋರಲಿಲ್ಲ.

ಮೂರನೆಯ ದಿನದ ವಿಷಯವನ್ನು ಹೇಳುವುದಕ್ಕೆ ಮೊದಲು ಒಂದು ಹಳೆಯ ಸಂಗತಿಯನ್ನು ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಈ ದಿಕ್ಕಿನ ಒಂದು ಊರಿನ ಶಾಲೆಯಲ್ಲಿದ್ದೆನು. ಊರಿನ ಹೆಸರು ಬೇಡ. ಬಿಡಾರದಿಂದ ಶಾಲೆಗೆ ಆರು ಕಿಲೋಮೀಟರು. ದಾರಿಯಲ್ಲಿ ಒಂದು ದೀರ್ಘವಾದ ಇಳಿತ, ಅದು ಮುಗಿದೊಡನೆ ಒಂದು ಮೋರಿ, ಮೋರಿಯಾಚೆ ಕಡಿದಾದ ಏರು. ಬೈಸಿಕಲ್ಲಿನವರಿಗೆ ಇಂಥ ಕಡೆ ಒಂದು ಯುಕ್ತಿ ತಿಳಿದಿರುತ್ತದೆ: ಇಳಿತದಲ್ಲಿ ಬ್ರೇಕು ಹಿಡಿಯದೆ ಬಿಟ್ಟರೆ ಆ ವೇಗವೇ ಎದುರಿನ ಏರಿನ ಅರ್ಧದವರೆಗೆ ಹೊತ್ತೊಯ್ಯುತ್ತದೆ. ಹಿಡಿದಿರೋ, ಮೋರಿಯಿಂದಲೇ ತಳ್ಳಬೇಕು.

ಆ ಇಳಿತದ ಬುಡದಲ್ಲಿ ನಮ್ಮ ಶಾಲೆಯ ಒಬ್ಬ ಹುಡುಗಿ ಪ್ರತಿದಿನವೂ ನಡೆದು ಹೋಗುತ್ತಿದ್ದಳು. ರಸ್ತೆಯಿಂದ ಅರ್ಧ ಮೈಲಿ ಒಳಗೆ, ಹಳ್ಳಕ್ಕೆ ಹಾಕಿದ ಕಾಲುಸಂಕವನ್ನು ದಾಟಿದರೆ ಅವಳ ಮನೆ. ಮಳೆಗಾಲದಲ್ಲಿ ಕಂಬಳಿಕೊಪ್ಪೆಯೊಳಗೆ ಪುಸ್ತಕದ ಚೀಲವನ್ನು ಅವುಚಿಕೊಂಡು ನಡೆಯುತ್ತಿದ್ದಳು. ನಾನು ಇಳಿತದ ನೆತ್ತಿಯಿಂದಲೇ ಗಂಟೆ ಬಾರಿಸುತ್ತ ಬರುತ್ತಿದ್ದೆನು. ಅವಳು ಪಕ್ಕಕ್ಕೆ ಸರಿಯುತ್ತಿದ್ದಳು. ನಾನು ಹಾದುಹೋಗುತ್ತಿದ್ದೆನು. ಸಂಸ್ಕೃತದಲ್ಲಿ ಅವಳಿಗೆ ಒಳ್ಳೆಯ ಬುದ್ಧಿಯಿತ್ತು. ಶಬ್ದರೂಪಗಳನ್ನು ಒಮ್ಮೆ ಕೇಳಿದರೆ ಮರೆಯುತ್ತಿರಲಿಲ್ಲ.

1989ರ ದೀಪಾವಳಿಯ ರಜೆ ಕಳೆದು ಶಾಲೆ ಬಾಗಿಲು ತೆರೆದಾಗ ಅವಳು ಬರಲಿಲ್ಲ. ಇಳಿತದ ಬುಡ ಬರಿದಾಗಿತ್ತು. ಒಂದು ವಾರ ನೋಡಿದೆನು. ಒಂದು ತಿಂಗಳು ನೋಡಿದೆನು. ಕಾಲುಸಂಕ ದಾಟಿ ಹೋಗಿ ವಿಚಾರಿಸಬೇಕೆಂದು ಪ್ರತಿದಿನವೂ ತೋರುತ್ತಿತ್ತು. ಆದರೆ ಬೆಳಿಗ್ಗೆ ನಿಂತರೆ ಶಾಲೆಗೆ ತಡ; ಸಂಜೆ ನಿಂತರೆ ಮನೆಗೆ ಕತ್ತಲೆ. ವರ್ಷದ ಕಡೆಯಲ್ಲಿ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆಯನ್ನು ಎಳೆದವನು ನಾನೇ. 2019ರಲ್ಲಿ ನಾನು ನಿವೃತ್ತನಾದಾಗ ಬೀಳ್ಕೊಡುಗೆಯ ಸಭೆಯಲ್ಲಿ ಮಾತನಾಡಿದವರೆಲ್ಲರೂ, ಈ ಮೇಷ್ಟ್ರು ಮೂವತ್ತೈದು ವರ್ಷದಲ್ಲಿ ಒಂದು ದಿನವಾದರೂ ಶಾಲೆಗೆ ತಡವಾಗಿ ಬಂದವರಲ್ಲ ಎಂದು ಹೊಗಳಿದರು. ಹೂವಿನ ಹಾರದ ಕೆಳಗೆ ನಾನು ತಲೆ ತಗ್ಗಿಸಿದುದನ್ನು ಅವರು ವಿನಯವೆಂದು ತಿಳಿದಿರಬೇಕು.

ಬಾರ್ತಾಲಿಯ ಕಥೆ ನನ್ನ ನಿದ್ರೆಯನ್ನು ಕೆಡಿಸಿದ್ದೇಕೆಂದು ಈಗ ವಾಚಕರಿಗೆ ತಿಳಿದೀತು. ಒಬ್ಬನು ಪ್ರಾಣಭಯವನ್ನು ಲೆಕ್ಕಿಸದೆ ಪರರಿಗಾಗಿ ಊರಿಂದೂರಿಗೆ ತುಳಿದನು. ಇನ್ನೊಬ್ಬನಿಗೆ ಅರ್ಧ ಮೈಲಿ ಹೋಗುವುದಕ್ಕೆ ಬಿಡುವಾಗಲಿಲ್ಲ. ಬೈಸಿಕಲ್ಲು ಇಬ್ಬರಿಗೂ ಇತ್ತು.

ತರ್ಕಶಾಸ್ತ್ರದಲ್ಲಿ ಸಂಸ್ಕಾರವೆಂಬ ಗುಣವನ್ನು ಮೂರು ಬಗೆಯಾಗಿ ಎಣಿಸುತ್ತಾರೆ. ಅವುಗಳಲ್ಲಿ ಒಂದು ವೇಗ, ಎಂದರೆ ನೂಕಿದ ವಸ್ತುವು ನೂಕಿದ ಕೈ ಬಿಟ್ಟ ಮೇಲೂ ಮುಂದಕ್ಕೆ ಹೋಗುವಂತೆ ಮಾಡುವುದು. ಇನ್ನೊಂದು ಭಾವನೆ, ಎಂದರೆ ಕಂಡುದನ್ನು ಮುಂದೆ ಎಂದೋ ನೆನಪಿಗೆ ತರುವುದು. ಮೂರನೆಯದು ಸ್ಥಿತಿಸ್ಥಾಪಕ, ಬಗ್ಗಿಸಿದುದನ್ನು ಮೊದಲಿನಂತೆ ನಿಲ್ಲಿಸುವುದು. ಹುಡುಗನಾಗಿದ್ದಾಗ, ಓಡುವ ಬಾಣಕ್ಕೂ ನೆನೆಯುವ ಮನಸ್ಸಿಗೂ ಏನು ಸಂಬಂಧ, ಎರಡಕ್ಕೂ ಒಂದೇ ಹೆಸರೇಕೆ ಎಂದು ಗುರುಗಳನ್ನು ಕೇಳಿ ಬೈಸಿಕೊಂಡಿದ್ದೆನು. ಉತ್ತರ ಸಿಕ್ಕಿದುದು ಆ ಮೋರಿಯ ಬಳಿ. ಇಳಿತದಲ್ಲಿ ನಾನು ಕೂಡಿಸಿಕೊಂಡ ವೇಗವು ಎದುರಿನ ಏರಿನ ಅರ್ಧದಲ್ಲಿಯೇ ಮುಗಿಯಿತು. ಅದೇ ಇಳಿತದಲ್ಲಿ ಕೂಡಿಕೊಂಡ ಇನ್ನೊಂದು ಸಂಸ್ಕಾರವು ಮೂವತ್ತಾರು ವರ್ಷವಾದರೂ ಮುಗಿದಿಲ್ಲ.

ಮೂರನೆಯ ದಿನ ಜಯಪುರದ ಕಡೆಗೆ ಹೊರಟವನು ಆ ಇಳಿತಕ್ಕೆ ಬಂದಾಗ ಎರಡೂ ಬ್ರೇಕುಗಳನ್ನು ಹಿಡಿದು ಇಳಿದೆನು. ಮೋರಿಯ ಬಳಿ ನಿಂತೆನು. ಕಾಲುಸಂಕವಿದ್ದ ಕಡೆ ಸಿಮೆಂಟಿನ ಕಿರುಸೇತುವೆಯಾಗಿತ್ತು. ಬೈಸಿಕಲ್ಲನ್ನು ತಳ್ಳಿಕೊಂಡು ಹೋದೆನು. ಉಣುಗೋಲಿನ ಬಳಿ ನಾಯಿ ಬೊಗಳಿತು. ಅಂಗಳದ ಚಪ್ಪರದ ಕೆಳಗೆ ಅಡಿಕೆ ಸುಲಿಯುತ್ತಿದ್ದ ಒಬ್ಬ ಹೆಂಗಸು ಮೆಟ್ಟುಗತ್ತಿಯಿಂದ ಕಾಲು ತೆಗೆದು ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಸಂಸ್ಕೃತ ಮೇಷ್ಟ್ರಲ್ಲವಾ?" ಎಂದಳು.

ಅವಳೇ. ಮದುವೆಯಾಗಿ ಹೋದವಳು, ತಾಯಿಗೆ ಬೇರೆ ಮಕ್ಕಳಿಲ್ಲದ ಕಾರಣ ಗಂಡನೊಡನೆ ಇಲ್ಲಿಗೇ ಹಿಂತಿರುಗಿ ಬಂದಿದ್ದಳು. ಜಗಲಿಯ ಮೇಲೆ ಚಾಪೆ ಹಾಸಿದಳು, ಬೆಲ್ಲ ನೀರು ತಂದಳು. ನಾನು ಬಂದ ಕಾರಣವನ್ನು ಹೇಗೆ ಎತ್ತಬೇಕೆಂದು ತಿಳಿಯದೆ ತೋಟದ ಫಸಲಿನ ವಿಷಯವನ್ನು ವಿಚಾರಿಸಿದೆನು. ಎಲೆಚುಕ್ಕಿ ರೋಗ ಬಂದು ಈ ಸಲ ಅಡಿಕೆ ಕಡಿಮೆ ಎಂದಳು. ಕಡೆಗೆ ಧೈರ್ಯ ಮಾಡಿ, "ಆಗ ಶಾಲೆ ಏಕಮ್ಮ ಬಿಟ್ಟೆ?" ಎಂದೆನು.

"ಅಬ್ಬೆಗೆ ಕಾಯಿಲೆ ಆಯ್ತಲ್ಲ ಮೇಷ್ಟ್ರೇ. ಸುಗ್ಗಿ ಬೇರೆ. ಒಂದು ತಿಂಗಳು ಬಿಟ್ಟು ಕಳಿಸ್ತೀನಿ ಅಂದ್ರು ಅಪ್ಪಯ್ಯ. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ."

"ನಾನು ಬಂದು ಎತ್ತಿದ್ದರೆ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೇಷ್ಟ್ರು ಬಂದು ಹೇಳಿದ್ರೆ ಅಪ್ಪಯ್ಯ ಇಲ್ಲ ಅಂತಿರಲಿಲ್ಲ" ಎಂದಳು. ಆಮೇಲೆ, "ಬಿಡಿ, ಅದೆಲ್ಲ ಎಷ್ಟು ಹಳೇ ಮಾತು. ಕಾಫಿ ಮಾಡ್ತೀನಿ, ಕೂತ್ಕೊಳಿ" ಎಂದು ಒಳಗೆ ಹೋದಳು.

ಅವಳು ಸುಳ್ಳು ಹೇಳಿ ನನ್ನನ್ನು ಸಮಾಧಾನಪಡಿಸಬಹುದಾಗಿತ್ತು. ಹೇಳಲಿಲ್ಲ. ಅದಕ್ಕಾಗಿ ನಾನು ಅವಳಿಗೆ ಕೃತಜ್ಞನಾಗಿದ್ದೇನೆ.

ಕಾಫಿ ಕುಡಿಯುವಾಗ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಒಂದು ಹೆಂಗಸರ ಬೈಸಿಕಲ್ಲು ಕಣ್ಣಿಗೆ 띄ಿತು.